ಅಜ್ಜಂದಿರ ಕಾಲದಿಂದ ಬಂದ ಬಣ್ಣದ ತಾತ್ಸಾರ: ನಾಟಕ, ಹಾಡು ಅದನ್ನು ಬಿಡಿಸುತ್ತವಾ?

ರಂಗಮಿತ್ರ (ಸಾಗರ):
ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡ ಈ ವರ್ಷ ದಕ್ಷಿಣ ಆಫ್ರಿಕಾದ ವರ್ಣಭೇದದ ಬಗ್ಗೆ ನಾಟಕ ಕಟ್ಟಲು ಹೊರಟಿದೆ. ಓದುತ್ತಾ ಹೋದ ಹಾಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

1987ರಲ್ಲಿ ಜೋಹಾನ್ಸ್‌ಬರ್ಗ್‌ನ ಮಾರ್ಕೆಟ್ ಥಿಯೇಟರಿನಲ್ಲಿ ಶೇಕ್ಸ್‌ಪಿಯರನ ಒಥೆಲೊ ನಾಟಕ ಆಡಿದರು. ಒಥೆಲೊ ಆಗಿದ್ದವರು ಕಪ್ಪು ನಟ ಜಾನ್ ಕಾನಿ. ಅವನ ಹೆಂಡತಿ ಡೆಸ್ಡಿಮೋನಾ ಆಗಿದ್ದವಳು ಬಿಳಿ ನಟಿ. ಕಪ್ಪು, ಬಿಳಿ ಜನರ ನಡುವಿನ ಮದುವೆಗೆ ಅಡ್ಡವಿದ್ದ ಕಾನೂನು ರದ್ದಾಗಿ ಆಗ ಇನ್ನೂ ಎರಡೇ ವರ್ಷ. ಇಬ್ಬರೂ ಮುತ್ತಿಟ್ಟುಕೊಂಡಾಗ ಪ್ರೇಕ್ಷಕರಲ್ಲಿ ಕೆಲವರು ಎದ್ದು ಹೊರಗೆ ಹೋದರು. ಕಥೆ ಅವರಿಗೆ ಗೊತ್ತಿದ್ದದ್ದೇ. ಟಿಕೆಟ್ ಕೊಟ್ಟು ಬಂದವರೇ. ಆದರೂ ಕೂತಿರಲು ಆಗಲಿಲ್ಲ.

ಅವರು ಕೆಟ್ಟವರು ಅಂದುಬಿಟ್ಟರೆ ಮಾತು ಮುಗಿಯುತ್ತದೆ. ನನಗೆ ಹಾಗೆ ಮುಗಿಸಲು ಮನಸ್ಸಿಲ್ಲ. ಆ ಅಸಹ್ಯವನ್ನು ಅವರು ಹುಟ್ಟುವಾಗ ತಂದಿರಲಿಲ್ಲ. ಮನೆಯಲ್ಲಿ, ಶಾಲೆಯಲ್ಲಿ, ಚರ್ಚಿನಲ್ಲಿ ಕಲಿತಿದ್ದರು. ಕಲಿತಿದ್ದೇವೆ ಅನ್ನುವುದೇ ಗೊತ್ತಿಲ್ಲದಷ್ಟು ಚೆನ್ನಾಗಿ ಕಲಿತಿದ್ದರು. 1985ರಲ್ಲಿ ಕಾನೂನು ಹೋಯಿತು. 1987ರಲ್ಲೂ ಅವರ ಮೈ ಆ ಕಾನೂನನ್ನು ಪಾಲಿಸುತ್ತಲೇ ಇತ್ತು.

ಹೀಗೆ ಮೈಗೆ ಹತ್ತಿದ್ದನ್ನು ನಾಟಕ, ಹಾಡು ಬಿಡಿಸಬಲ್ಲವಾ? ಅಥವಾ ಆಗಲೇ ಒಪ್ಪಿದವರು ಬಂದು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರಾ? ನೋಡಿದವರು, ಮಾಡಿದವರು ದಯವಿಟ್ಟು ಬರೆಯಿರಿ.

ಹಳೇಹುಬ್ಬಳ್ಳಿ:
ಸರ್, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಲ್ಲಿ ವರ್ಣಭೇದ ಮುಗಿದದ್ದು ಮುಷ್ಕರದಿಂದ, ಜೈಲಿಗೆ ಹೋದವರಿಂದ, ಹೊರದೇಶಗಳು ವ್ಯಾಪಾರ ನಿಲ್ಲಿಸಿದ್ದರಿಂದ. ನಾಟಕದಿಂದ ಅಲ್ಲ. ಮೊದಲು ಕಾನೂನು, ಆಮೇಲೆ ಭೂಮಿ, ಆಮೇಲೆ ಕೆಲಸ. ಇಷ್ಟು ಸರಿಯಾದರೆ ಮನಸ್ಸು ತಾನಾಗಿಯೇ ಹಿಂದೆ ಬರುತ್ತದೆ. ಕೆಡುಕನ್ನು ಮಾಡಿದವರ ಮಕ್ಕಳನ್ನು ಕೂರಿಸಿ ಹಾಡು ಹೇಳಿಸಿದರೆ ಅವರಿಗೆ ಸಮಾಧಾನ ಆಗಬಹುದು. ಅನುಭವಿಸಿದವರಿಗೆ ಏನು ಸಿಕ್ಕಿತು? ಇದಕ್ಕೆ ಯಾರಾದರೂ ಉತ್ತರ ಕೊಡಿ.

ದಕ್ಷಿಣದ ಚುಕ್ಕಿ (ಜೋಹಾನ್ಸ್‌ಬರ್ಗ್):
ಕೆಲಸದ ಮೇಲೆ ಬಂದು ಇಲ್ಲೇ ನೆಲೆಸಿದವಳು ನಾನು. ಹುಬ್ಬಳ್ಳಿ ಸರ್ ಕೇಳಿದ್ದು ಇಲ್ಲಿಯವರೇ ಕೇಳುವ ಪ್ರಶ್ನೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಮಾರ್ಕೆಟ್ ಥಿಯೇಟರ್ ಬಗ್ಗೆ ಎರಡು ಮಾತು. ಆ ಕಟ್ಟಡ ಹಿಂದೆ ಭಾರತೀಯರ ಹಣ್ಣಿನ ಮಾರುಕಟ್ಟೆಯಾಗಿತ್ತು. ಬಾರ್ನಿ ಸೈಮನ್, ಮ್ಯಾನಿ ಮ್ಯಾನಿಮ್ ಸೇರಿ ಅಲ್ಲಿ ರಂಗಮಂದಿರ ಶುರು ಮಾಡಿದ್ದು 1976ರ ಜೂನ್‌ನಲ್ಲಿ. ಅದೇ ತಿಂಗಳ 16ರಂದು, ಊರಂಚಿನ ಕಪ್ಪು ಜನರ ಬಡಾವಣೆ ಸೊವೆಟೊದಲ್ಲಿ ಶಾಲಾ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಊರೆಲ್ಲ ಬಣ್ಣದ ಲೆಕ್ಕದಲ್ಲಿ ಹಂಚಿಹೋಗಿದ್ದ ಕಾಲದಲ್ಲಿ ಅಲ್ಲಿ ಎಲ್ಲ ಬಣ್ಣದವರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ರಂಗದ ಮೇಲೆ ಏನಾಗುತ್ತಿತ್ತು ಅನ್ನುವುದು ಆಮೇಲಿನ ಮಾತು. ಪಕ್ಕದ ಕುರ್ಚಿಯಲ್ಲಿ ಯಾರಿದ್ದಾರೆ ಅನ್ನುವುದೇ ಅರ್ಧ ನಾಟಕ.

ಈಗ ಸತ್ಯ ಮತ್ತು ಸಾಮರಸ್ಯ ಆಯೋಗದ ಕಥೆ. ವರ್ಣಭೇದದ ಕಾಲದ ದೌರ್ಜನ್ಯಗಳನ್ನು ವಿಚಾರಿಸಲು ಹೊಸ ಸರ್ಕಾರ ಮಾಡಿದ್ದು ಅದು. 1996ರ ಏಪ್ರಿಲ್‌ನಲ್ಲಿ ಈಸ್ಟ್ ಲಂಡನ್ ಅನ್ನುವ ಊರಿನಲ್ಲಿ ಮೊದಲ ವಿಚಾರಣೆ. ಅಧ್ಯಕ್ಷರು ಆರ್ಚ್‌ಬಿಷಪ್ ಡೆಸ್ಮಂಡ್ ಟುಟು. ನೊಮೊಂಡೆ ಕಲಾಟಾ ಅನ್ನುವ ಹೆಂಗಸು ಸಾಕ್ಷಿ ಹೇಳಲು ಬಂದರು. ಅವರ ಗಂಡ ಫೋರ್ಟ್ ಕಲಾಟಾ ಕ್ರಾಡಾಕ್ ಊರಿನ ಮೇಷ್ಟ್ರು. 1985ರಲ್ಲಿ ಭದ್ರತಾ ಪೊಲೀಸರು ಅವರನ್ನೂ ಇನ್ನೂ ಮೂವರನ್ನೂ ಕೊಂದಿದ್ದರು. ಹೇಳುತ್ತಾ ಹೇಳುತ್ತಾ ಆಕೆ ಒಮ್ಮೆಲೇ ಹಿಂದಕ್ಕೆ ವಾಲಿ ಚೀರಿದರು. ಮಾತಿಲ್ಲ, ಬರೀ ಧ್ವನಿ. ವಿಚಾರಣೆ ನಿಲ್ಲಿಸಬೇಕಾಯಿತು. ಮತ್ತೆ ಕೂತಾಗ ಟುಟು ಸಾಕ್ಷಿಯನ್ನು ಕರೆಯುವ ಮೊದಲು ‘ಸೆಂಜೆನಿನಾ’ ಹಾಡು ಎತ್ತಿಕೊಂಡರು. ‘ನಾವೇನು ತಪ್ಪು ಮಾಡಿದೆವು’ ಎಂದು ಕೇಳುವ ಹಾಡು ಅದು, ಹೋರಾಟದಲ್ಲಿ ಸತ್ತವರನ್ನು ಮಣ್ಣು ಮಾಡುವಾಗ ಹಾಡುತ್ತಿದ್ದದ್ದು. ಸಭೆಯೂ ದನಿಗೂಡಿಸಿತು. ಒಂದು ಸರ್ಕಾರಿ ವಿಚಾರಣೆ ಮುಂದುವರಿಯಲು ಹಾಡು ಬೇಕಾಯಿತು, ನೋಡಿ.

ಹತ್ತು ವರ್ಷದ ನಂತರ, 2006ರಲ್ಲಿ, ಫಿಲಿಪ್ ಮಿಲ್ಲರ್ ಅನ್ನುವ ಸಂಗೀತಗಾರ ಆಯೋಗದ ಧ್ವನಿಮುದ್ರಿಕೆಗಳನ್ನೇ ಇಟ್ಟುಕೊಂಡು ಗಾಯನವೃಂದಕ್ಕೆ ಒಂದು ದೊಡ್ಡ ಕೃತಿ ರಚಿಸಿದರು. ಆ ಚೀರು ಅದರಲ್ಲಿದೆ. ಟೇಪಿನ ಧ್ವನಿ ಬರುತ್ತದೆ, ಅದರ ಸುತ್ತ ಹಾಡುಗಾರರ ದನಿ ಏಳುತ್ತದೆ. ಆಯೋಗದ ವರದಿ ಸಂಪುಟಗಟ್ಟಲೆ ಇದೆ. ನನಗೆ ಗೊತ್ತಿರುವ ಎಷ್ಟೋ ಬಿಳಿ ಸಹೋದ್ಯೋಗಿಗಳು ಅದನ್ನು ತೆರೆದೇ ಇಲ್ಲ. ಆದರೆ ಆ ಧ್ವನಿ ಕಿವಿಗೆ ಬಿದ್ದರೆ ‘ನಮಗೆ ಗೊತ್ತೇ ಇರಲಿಲ್ಲ’ ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ನಾಟಕ ಕಟ್ಟುವವರು ನೀವು. ಹಾಗಾಗಿ 1997ರ ಒಂದು ನಾಟಕ ನಿಮಗೆ ಬೇಕೇ ಬೇಕು. ಹ್ಯಾಂಡ್‌ಸ್ಪ್ರಿಂಗ್ ಬೊಂಬೆಯಾಟದ ತಂಡ ಮಾಡಿದ್ದು. ಬರೆದವರು ಜೇನ್ ಟೇಲರ್, ನಿರ್ದೇಶಕ ವಿಲಿಯಂ ಕೆಂಟ್ರಿಜ್. ಹೆಸರು ‘ಉಬು ಆ್ಯಂಡ್ ದ ಟ್ರುಥ್ ಕಮಿಷನ್’. ಅದರಲ್ಲಿ ಹಿಂಸೆ ಮಾಡಿದವನು ಮತ್ತವನ ಹೆಂಡತಿ ನಿಜವಾದ ನಟರು. ಸಾಕ್ಷಿ ಹೇಳುವವರು ಮರದಲ್ಲಿ ಕೆತ್ತಿದ ಬೊಂಬೆಗಳು. ಆಡಿಸುವವರು ಮರೆಯಲ್ಲಿರುವುದಿಲ್ಲ, ಬೊಂಬೆಯ ಪಕ್ಕದಲ್ಲೇ ಇದ್ದು ಅದರ ಮುಖ ನೋಡುತ್ತಿರುತ್ತಾರೆ. ಅವರು ನೋಡುತ್ತಾರೆ ಅಂತ ನಾವೂ ಅತ್ತ ನೋಡುತ್ತೇವೆ. ಮಗನನ್ನು ಕಳೆದುಕೊಂಡ ತಾಯಿಯ ಮಾತನ್ನು ಯಾವ ನಟಿಯೂ ‘ಅಭಿನಯಿಸ’ಬಾರದು ಅನ್ನುವ ಸಂಕೋಚ ಆ ಬೊಂಬೆಗಳ ಹಿಂದಿದೆ. ಈ ಸಂಕೋಚ ನಿಮ್ಮ ತಂಡಕ್ಕೂ ಇರಲಿ.

ಇನ್ನೊಂದು ಸಂಗತಿ. ಆ ನಾಟಕದಲ್ಲಿ ಹೆಂಡತಿಗೆ ಗಂಡ ರಾತ್ರಿ ಬೇರೆ ಹೆಂಗಸಿನ ಹತ್ತಿರ ಹೋಗುತ್ತಾನೆ ಅಂತ ಅನುಮಾನ. ಅವನು ಹೋಗುತ್ತಿದ್ದದ್ದು ಜನರನ್ನು ಕೊಲ್ಲಲು. ಅದು ಗೊತ್ತಾದಾಗ ಅವಳಿಗೆ ನಿರಾಳ. ತನ್ನನ್ನು ಕಾಪಾಡಲು ಇಷ್ಟು ದುಡಿಯುತ್ತಿದ್ದನಲ್ಲ ಅಂತ ಹೆಮ್ಮೆ ಬೇರೆ. ದ್ವೇಷ ಮನೆಯೊಳಗೆ ಹೇಗೆ ಉಳಿಯುತ್ತದೆ, ಮಕ್ಕಳಿಗೆ ಹೇಗೆ ದಾಟುತ್ತದೆ ಅನ್ನುವುದನ್ನು ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಏಕತಾರಿ:
ಚುಕ್ಕಿ ಮೇಡಂ, ಓದಿ ತುಂಬ ಹೊತ್ತು ಸುಮ್ನೆ ಕೂತಿದ್ದೆ. ನಾನು ಹಾಡಿನವನು, ಹಾಡಿನ ಕಡೆಯಿಂದ ನನ್ನ ಪಾಲು.

ವುಯಿಸಿಲೆ ಮಿನಿ ಅನ್ನುವ ಕಾರ್ಮಿಕ ಮುಖಂಡರಿದ್ದರು. ಪೋರ್ಟ್ ಎಲಿಜಬೆತ್ ಕಡೆಯವರು. ಪ್ರಧಾನಿ ಫರ್ವುರ್ಡ್‌ಗೆ ಎಚ್ಚರಿಕೆ ಕೊಡುವ ಹಾಡು ಕಟ್ಟಿದ್ದು ಅವರೇ. ಮುಂದೆ ಗಾಯಕಿ ಮಿರಿಯಂ ಮಕೆಬಾ ಅದನ್ನು ದೇಶದ ಹೊರಗೆಲ್ಲ ಹಾಡಿದರು. 1964ರಲ್ಲಿ ಮಿನಿ ಅವರನ್ನು ಪ್ರಿಟೋರಿಯಾದಲ್ಲಿ ಗಲ್ಲಿಗೇರಿಸಿದರು. ಹಾಡುತ್ತಲೇ ಗಲ್ಲಿಗೆ ಹೋದರು. ಅನುಭವಿಸಿದವರಿಗೆ ಹಾಡು ಏನು ಕೊಟ್ಟಿತು ಅಂತ ಹುಬ್ಬಳ್ಳಿಯವರು ಕೇಳಿದರಲ್ಲ, ಇದು ಒಂದು ಉತ್ತರ. ಎಲ್ಲ ಕಿತ್ತುಕೊಂಡ ಮೇಲೂ ದನಿ ಅವರ ಹತ್ತಿರವೇ ಇತ್ತು.

ನನಗೆ ಇನ್ನೂ ಕುತೂಹಲ ಇರುವುದು ಇನ್ನೊಂದು ದಡದವರ ಬಗ್ಗೆ. ‘ಎನ್ಕೋಸಿ ಸಿಕೆಲೆಲ್ ಇಆಫ್ರಿಕಾ’ ಹಾಡನ್ನು ಇನಾಕ್ ಸೊಂಟೋಂಗಾ ಅನ್ನುವ ಮೇಷ್ಟ್ರು 1897ರಲ್ಲಿ ಕಟ್ಟಿದರು. ಹೋರಾಟಗಾರರಿಗೆ ಅದೇ ನಾಡಗೀತೆ. ಬಿಳಿಯರ ಎಷ್ಟೋ ಮನೆಗಳಲ್ಲಿ ಅದು ಭಯ ಹುಟ್ಟಿಸುವ ಹಾಡು. 1995ರ ರಗ್ಬಿ ವಿಶ್ವಕಪ್‌ಗೆ ಮೊದಲು ಬಿಳಿಯರೇ ತುಂಬಿದ್ದ ತಂಡದ ಆಟಗಾರರು ಕೂತು ಈ ಹಾಡಿನ ಪದಗಳನ್ನು ಕಲಿತರು. 1997ರಲ್ಲಿ ಈ ಹಾಡು ಮತ್ತು ಆಫ್ರಿಕಾನ್ಸ್‌ನಲ್ಲಿದ್ದ (ಡಚ್ ಮೂಲದ ಬಿಳಿಯರ ಭಾಷೆ) ಹಳೆಯ ಗೀತೆ ಎರಡನ್ನೂ ಸೇರಿಸಿ ಐದು ಭಾಷೆಯ ರಾಷ್ಟ್ರಗೀತೆ ಮಾಡಿದರು. ಅದನ್ನು ಹಾಡಬೇಕಾದರೆ ಪ್ರತಿಯೊಬ್ಬರೂ ತಮ್ಮದಲ್ಲದ ನುಡಿಗೆ ಬಾಯಿ ಹೊಂದಿಸಬೇಕು. ಭಾಷಣ ಕೇಳುವಾಗ ಮನಸ್ಸು ಎಲ್ಲೋ ಇರಬಹುದು. ಹಾಡುವಾಗ ಪಕ್ಕದವನ ಶ್ರುತಿ ಕೇಳಿಸಿಕೊಳ್ಳದೆ ಆಗುವುದಿಲ್ಲ.

ಕೆಲವರು ಮೊದಲ ಸಾಲುಗಳಿಗೆ ತುಟಿ ಬಿಗಿದು ನಿಂತು, ತಮ್ಮ ಭಾಷೆ ಬಂದಾಗ ಮಾತ್ರ ಜೋರಾಗಿ ಹಾಡುತ್ತಾರೆ ಅಂತಲೂ ಕೇಳಿದ್ದೇನೆ. ಮೇಡಂ, ನಿಜವಾ?

ದಕ್ಷಿಣದ ಚುಕ್ಕಿ:
ನಿಜ. ಮೈದಾನದಲ್ಲಿ ನಾನೇ ನೋಡಿದ್ದೇನೆ. ಈಗಿನ ಮಕ್ಕಳು ಹಾಗಲ್ಲ, ಶಾಲೆಯಲ್ಲೇ ಪೂರ್ತಿ ಕಲಿಯುತ್ತಾರೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಮ್ಮವರ ಕೆಲವು ಮನೆಗಳಲ್ಲಿ ಕೆಲಸದ ಹೆಂಗಸಿಗೆ ಇವತ್ತಿಗೂ ಬೇರೆ ಲೋಟ, ಬೇರೆ ತಟ್ಟೆ. ಊರಿನಿಂದ ತಂದ ಅಭ್ಯಾಸ ಇಲ್ಲಿ ಬಣ್ಣಕ್ಕೆ ಅಂಟಿಕೊಂಡಿದೆ. ಬಿಳಿಯರ ಬಗ್ಗೆ ಮಾತ್ರ ನಾಟಕ ಮಾಡಿದರೆ ನಮ್ಮವರು ಆರಾಮಾಗಿ ಕೂತು ನೋಡುತ್ತಾರೆ.

ಬೇಡ್ತಿ ದಂಡೆ (ಯಲ್ಲಾಪುರ ಕಡೆ):
ಎಲ್ಲರ ಮಾತೂ ಓದಿದೆ. ನಾನು ಸಿದ್ದಿ. ರಂಗಮಿತ್ರ ಅಣ್ಣ, ನಿಮ್ಮ ಸಾಗರದಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ನಮ್ಮೂರು. ಜೋಹಾನ್ಸ್‌ಬರ್ಗ್‌ನ ನಾಟಕ ಬೇಡ ಅನ್ನುತ್ತಿಲ್ಲ. ಅದರ ಜೊತೆ ನಮ್ಮ ಮಾತೂ ಕೇಳಿ.

ನಮ್ಮ ಹಿರಿಯರನ್ನು ಪೂರ್ವ ಆಫ್ರಿಕಾದ ಕಡೆಯಿಂದ ಗುಲಾಮರಾಗಿ ತಂದರು. ಹೆಚ್ಚಿನವರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು. ನಮ್ಮಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದೇವೆ. ಎಷ್ಟು ತಲೆಮಾರು ಆಯಿತೋ! ಆದರೂ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಮುಖ ನೋಡಿ ಇಂಗ್ಲಿಷಿನಲ್ಲಿ ‘ಎಲ್ಲಿಗೆ’ ಅಂತಾರೆ. ನಾನು ‘ಮಂಚಿಕೇರಿಗೆ ಒಂದು ಕೊಡಿ’ ಅಂದರೆ ಹಿಂದಿನ ಸೀಟಿನವರು ನಗುತ್ತಾರೆ. ಕೂದಲು ಮುಟ್ಟಿ ನೋಡಿದವರಿದ್ದಾರೆ, ಕೇಳದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಕಾನೂನು ಬಂತು, ಗೌರವದ ಸ್ಥಾನವೂ ಬಂತು. ಬಸ್ಸಿನ ನಗು ಮಾತ್ರ ನಿಂತಿಲ್ಲ. ಹುಬ್ಬಳ್ಳಿ ಅಣ್ಣ, ನೀವು ಹೇಳಿದ ಹಾಗೆ ಮನಸ್ಸು ತಾನಾಗಿಯೇ ಹಿಂದೆ ಬರಲಿಲ್ಲ.

1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂನವರು ನಮ್ಮ ಕಡೆ ಬಂದು ಸಿದ್ದಿಗಳ ಜೊತೆ ನಾಟಕ ಕಟ್ಟಿದರು. ನೈಜೀರಿಯಾದ ಲೇಖಕ ಚಿನುವಾ ಅಚೆಬೆಯ ಕಾದಂಬರಿ ಇಟ್ಟುಕೊಂಡು ಮಾಡಿದ ‘ಕಪ್ಪು ಜನ ಕೆಂಪು ನೆರಳು’. ನಿರ್ದೇಶನ ಚಿದಂಬರರಾವ್ ಜಂಬೆ ಅವರದು. ಬಿಳಿಯರು ಬರುವ ಮೊದಲು ಆಫ್ರಿಕಾದ ಒಂದು ಹಳ್ಳಿ ಹೇಗಿತ್ತು, ಅಲ್ಲಿ ದೇವರು, ಪಂಚಾಯ್ತಿ, ಕುಸ್ತಿ, ಮದುವೆ ಎಲ್ಲ ಹೇಗಿತ್ತು ಅನ್ನುವ ಕಥೆ. ಅದು ನೈಜೀರಿಯಾದ ಕಥೆ, ನಮ್ಮ ಹಿರಿಯರ ಊರಿನದಲ್ಲ. ಆದರೆ ನಮ್ಮ ಚಿಕ್ಕಪ್ಪಂದಿರ ವಯಸ್ಸಿನವರಿಗೆ ಅದು ದೊಡ್ಡ ವಿಷಯ. ಅಲ್ಲಿಯವರೆಗೆ ನಮ್ಮ ಕಥೆ ಗುಲಾಮಗಿರಿಯಿಂದಲೇ ಶುರುವಾಗುತ್ತಿತ್ತು. ಅದಕ್ಕೂ ಮೊದಲು ನಾವು ಮನುಷ್ಯರಾಗಿ ಬದುಕಿದ್ದೆವು ಅನ್ನುವುದನ್ನು ಅವರು ರಂಗದ ಮೇಲೆ ಆಡಿ ತೋರಿಸಿದರು, ಕನ್ನಡದಲ್ಲಿ. ನೋಡಲು ಬಂದವರಲ್ಲಿ ಅವರನ್ನು ತೋಟದ ಕೆಲಸಕ್ಕೆ ಕರೆಯುತ್ತಿದ್ದವರೂ ಇದ್ದರಂತೆ. ಆಮೇಲೆ ನಮ್ಮ ಹುಡುಗ ಹುಡುಗಿಯರು ನೀನಾಸಂಗೆ ಹೋಗಿ ಕಲಿತರು. ಪ್ರಶಾಂತ್ ಸಿದ್ದಿ ಸಿನಿಮಾದಲ್ಲಿದ್ದಾರೆ. ಗಿರಿಜಾ ಸಿದ್ದಿ ಹಾಡು, ನಾಟಕ ಎರಡರಲ್ಲೂ ಹೆಸರು ಮಾಡಿದ್ದಾರೆ.

ಈಗ ಇನ್ನೊಂದು ಮುಖ. ಡಮಾಮಿ ನಮ್ಮ ಮನೆಯ ವಾದ್ಯ. ಹಬ್ಬಕ್ಕೆ, ಮದುವೆಗೆ, ಕೆಲಸ ಮುಗಿದ ಸಂಜೆಗೆ ಬಾರಿಸುತ್ತೇವೆ. ಹೆಂಗಸರು ಹಾಡುತ್ತಾರೆ, ಅಜ್ಜಿಯಿಂದ ಹಿಡಿದು ಮಗುವಿನವರೆಗೆ ಕುಣಿಯುತ್ತಾರೆ. ಒಂದು ಉತ್ಸವಕ್ಕೆ ನಮ್ಮನ್ನು ಕರೆದಿದ್ದರು. ಸೀರೆ, ಲುಂಗಿ ಬೇಡ, ಮೈಗೆ ಸೊಪ್ಪು ಕಟ್ಟಿಕೊಳ್ಳಿ, ಮುಖಕ್ಕೆ ಬಿಳಿ ಚುಕ್ಕಿ ಇಟ್ಟುಕೊಳ್ಳಿ ಅಂದರು. ನಾವು ಮನೆಯಲ್ಲಿ ಎಂದೂ ಸೊಪ್ಪು ಕಟ್ಟಿದವರಲ್ಲ. ನಮ್ಮ ಚಿಕ್ಕಮ್ಮ ಹಾಡುವ ಪದಗಳ ಅರ್ಥ ಯಾರೂ ಕೇಳಲಿಲ್ಲ. ಜನ ಮೊಬೈಲ್ ಹಿಡಿದು ‘ಆಫ್ರಿಕಾ, ಆಫ್ರಿಕಾ’ ಅಂತ ಕೂಗಿದರು. ದುಡ್ಡು ಬಂತು, ಬೇಕಾಗಿಯೂ ಇತ್ತು. ಆದರೆ ವಾಪಸು ಬರುವಾಗ ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ.

ಎರಡೂ ಕಡೆ ರಂಗದ ಮೇಲಿದ್ದವರು ನಾವೇ, ತಮಟೆಯೂ ಕುಣಿತವೂ ಇತ್ತು. ಒಂದರಲ್ಲಿ ನಾವು ಏನು ಹೇಳಬೇಕು ಅಂತ ನಾವೂ ಕೂತು ತಿಂಗಳುಗಟ್ಟಲೆ ತಾಲೀಮು ಮಾಡಿದ್ದೆವು. ಇನ್ನೊಂದರಲ್ಲಿ ನೋಡುವವರು ಏನು ನೋಡಲು ಬಂದಿದ್ದರೋ ಅದನ್ನೇ ತೋರಿಸಿದೆವು. ಎರಡನೆಯದರಿಂದ ಯಾವ ಗಾಯವೂ ಮಾಯುವುದಿಲ್ಲ. ನೋಡಿದವರ ಮಕ್ಕಳೂ ಅದನ್ನೇ ಕಲಿಯುತ್ತಾರೆ.

ಹಳೇಹುಬ್ಬಳ್ಳಿ:
ತಂಗಿ, ಬರೆದಿದ್ದಕ್ಕೆ ಥ್ಯಾಂಕ್ಸ್. ನನ್ನ ಮಾತು ಬಿಡುವುದಿಲ್ಲ, ಆದರೆ ಪ್ರಶ್ನೆ ಸ್ವಲ್ಪ ತಿರುಗಿಸುತ್ತೇನೆ. ನೊಂದವರು ಆಡಿದರೆ ಅವರಿಗೆ ಬಲ ಬರುತ್ತದೆ, ಒಪ್ಪಿದೆ. ಬಸ್ಸಿನಲ್ಲಿ ನಕ್ಕವನನ್ನು ಬದಲಾಯಿಸುವುದು ಹೇಗೆ? ಅವನು ನಾಟಕಕ್ಕೇ ಬರುವುದಿಲ್ಲವಲ್ಲ.

ಮಕ್ಕಳ ಮೇಳ (ಬೆಂಗಳೂರು):
ಹುಬ್ಬಳ್ಳಿ ಸರ್, ಅವನು ಚಿಕ್ಕವನಿದ್ದಾಗ ಶಾಲೆಗೆ ಬಂದಿರುತ್ತಾನೆ. ನಾವು ಕೆಲಸ ಮಾಡುವುದು ಅಲ್ಲಿ. ಬ್ರೆಜಿಲ್‌ನ ಅಗಸ್ಟೋ ಬೋಲ್ 1970ರ ದಶಕದಲ್ಲಿ ಬೆಳೆಸಿದ ಫೋರಂ ಥಿಯೇಟರ್ ಅನ್ನುವ ವಿಧಾನ ಇದೆ. ಅದನ್ನು ನಮಗೆ ಬೇಕಾದ ಹಾಗೆ ಬಗ್ಗಿಸಿಕೊಂಡಿದ್ದೇವೆ.

ಒಂದು ದೃಶ್ಯ ಹೇಳುತ್ತೇನೆ. ಕಾಲೇಜಿಗೆ ಬಂದ ಆಫ್ರಿಕಾದ ಹುಡುಗಿ ಬಾಡಿಗೆ ಮನೆ ಕೇಳುತ್ತಾಳೆ. ಗೇಟಿಗೆ ಟು ಲೆಟ್ ಬೋರ್ಡ್ ಇದೆ. ಓನರ್ ಆಂಟಿ ಅವಳನ್ನು ನೋಡಿ ‘ಆಗ್ಲೇ ಕೊಟ್ಟಾಯ್ತು’ ಅಂತಾರೆ. ಪಕ್ಕದ ಮನೆಯವರು ಕಾಂಪೌಂಡಿನಿಂದ ನೋಡುತ್ತಾರೆ. ಓನರ್ ಮಗಳು ಬಾಗಿಲ ಹತ್ತಿರ ನಿಂತಿದ್ದಾಳೆ. ಅಷ್ಟೇ ದೃಶ್ಯ. ಒಮ್ಮೆ ಪೂರ್ತಿ ಆಡುತ್ತೇವೆ. ಎರಡನೇ ಸಲ ಆಡುವಾಗ ಯಾವ ಮಗು ಬೇಕಾದರೂ ‘ನಿಲ್ಲಿಸಿ’ ಅಂತ ಕೂಗಿ ಒಳಗೆ ಬಂದು ಒಬ್ಬರ ಜಾಗದಲ್ಲಿ ನಿಂತು ಬೇರೆ ರೀತಿ ಆಡಬಹುದು.

ಮಕ್ಕಳು ಮೊದಲು ಬಂದು ನಿಲ್ಲುವುದು ಆಫ್ರಿಕಾದ ಹುಡುಗಿಯ ಜಾಗದಲ್ಲಿ. ಅವಳು ಜಗಳ ಮಾಡಲಿ, ಪೊಲೀಸರಿಗೆ ಹೇಳಲಿ, ನಯವಾಗಿ ಕೇಳಲಿ. ಅಂದರೆ ಅವಮಾನ ಅನುಭವಿಸಿದವಳೇ ಸರಿಮಾಡಬೇಕು ಅನ್ನುವುದು ಅವರ ಲೆಕ್ಕ. ಆಗ ನಾವು ಒಂದು ನಿಯಮ ಹಾಕುತ್ತೇವೆ: ಅವಳ ಜಾಗಕ್ಕೆ ಯಾರೂ ಬರುವ ಹಾಗಿಲ್ಲ. ಓನರ್, ಪಕ್ಕದ ಮನೆಯವರು, ಮಗಳು, ಈ ಮೂವರಲ್ಲಿ ಒಬ್ಬರಾಗಿ. ಅಲ್ಲಿಂದ ಕಷ್ಟ ಶುರು. ಮಗಳ ಪಾತ್ರಕ್ಕೆ ಬಂದ ಒಬ್ಬ ಹುಡುಗಿ ‘ಅಮ್ಮಾ, ಮನೆ ಖಾಲಿ ಇದೆಯಲ್ಲ’ ಅಂದಳು. ಅಮ್ಮನ ಪಾತ್ರದವಳು ‘ನೀನು ಒಳಗೆ ಹೋಗು’ ಅಂತ ಗದರಿದಳು. ಆ ದನಿ ಎಷ್ಟು ಸಹಜವಾಗಿತ್ತು ಅಂದರೆ ಇಡೀ ತರಗತಿ ಸುಮ್ಮನಾಯಿತು. ಎಲ್ಲರಿಗೂ ಆ ದನಿ ಗೊತ್ತು. ಆಮೇಲೆ ಮಾತು ತಾನಾಗಿ ಮನೆಗಳ ಕಡೆ ತಿರುಗಿತು. ‘ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ’ ಅನ್ನುವುದು, ಹುಡುಗಿ ನೋಡಲು ಬಂದವರು ಬಣ್ಣದ ಬಗ್ಗೆ ಪಿಸುಗುಟ್ಟಿದ್ದು, ಎಲ್ಲ ಬಂತು.

ನಾವು ಇದನ್ನು ಶುರು ಮಾಡಿದ್ದಕ್ಕೆ ಕಾರಣ 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ನಡೆದದ್ದು. ಸೂಡಾನಿನ ಒಬ್ಬನ ಕಾರು ಬಡಿದು ಹೆಂಗಸೊಬ್ಬರು ಸತ್ತರು. ಅದಕ್ಕೆ ಸಂಬಂಧವೇ ಇಲ್ಲದೆ ಆಮೇಲೆ ಆ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಹಿಡಿದು ಹೊಡೆದರು, ಬಟ್ಟೆ ಹರಿದರು. ಕಪ್ಪಗಿದ್ದಾಳೆ ಅನ್ನುವುದೊಂದೇ ಅವಳ ಮೇಲಿದ್ದ ಆರೋಪ.

ಒಂದು ಎಚ್ಚರಿಕೆ, ರಂಗಮಿತ್ರ ಅವರೇ. ಕಪ್ಪಗಿರುವ ಮಗುವಿಗೆ ಅವಮಾನ ಪಡುವ ಪಾತ್ರ ಕೊಡಬೇಡಿ, ಎಂದೂ. ಬಿಳಿ ಪಾತ್ರಕ್ಕೆ ಪೌಡರ್, ಕಪ್ಪು ಪಾತ್ರಕ್ಕೆ ಮಸಿ ಬಳಿಯುವುದೂ ಬೇಡ. ಒಂದು ಟೋಪಿ, ಒಂದು ಶಾಲು ಸಾಕು.

ದಕ್ಷಿಣದ ಚುಕ್ಕಿ:
ಹುಬ್ಬಳ್ಳಿ ಸರ್ ಅವರ ಮೊದಲ ಪ್ರಶ್ನೆಗೆ ಬರುತ್ತೇನೆ ಅಂದಿದ್ದೆ. ಆಯೋಗ ನೊಂದವರಿಗೆ ಆರು ವರ್ಷ ವರ್ಷವರ್ಷವೂ ಪರಿಹಾರ ಕೊಡಿ ಅಂತ ಶಿಫಾರಸು ಮಾಡಿತ್ತು. 2003ರಲ್ಲಿ ಸರ್ಕಾರ ಒಂದೇ ಸಲಕ್ಕೆ 30,000 ರಾಂಡ್ ಕೊಟ್ಟು ಕೈತೊಳೆದುಕೊಂಡಿತು. ಕಲಾಟಾ ಮತ್ತು ಜೊತೆಯವರನ್ನು ಕೊಂದ ಪೊಲೀಸರಿಗೆ ಆಯೋಗ ಕ್ಷಮಾದಾನ ಕೊಡಲಿಲ್ಲ. ಆದರೆ ಅವರ ಮೇಲೆ ಮೊಕದ್ದಮೆಯೂ ನಡೆಯಲಿಲ್ಲ. ಮನೆಯವರು ಬಿಡದೆ ಹೋರಾಡಿ, 2025ರಲ್ಲಿ ಆ ಸಾವುಗಳ ಬಗ್ಗೆ ಮತ್ತೆ ನ್ಯಾಯಾಲಯದ ವಿಚಾರಣೆ ಶುರುವಾಯಿತು. ಕೊಂದ ಸುಮಾರು ನಲವತ್ತು ವರ್ಷಕ್ಕೆ.

ಹಾಗಾಗಿ ನೀವು ಹೇಳುವುದು ಸರಿ: ಹಾಡಿ, ಅತ್ತು, ತಬ್ಬಿಕೊಂಡು, ಪರಿಹಾರ ಕೊಡದಿದ್ದರೆ ಅದು ಮೋಸ. ಆದರೆ ಆ ಚೀರನ್ನು ಹಾಡಿನಲ್ಲಿ ಉಳಿಸದಿದ್ದರೆ ಇಷ್ಟು ವರ್ಷ ಆ ಕೇಸನ್ನು ಜನ ನೆನಪಿಟ್ಟುಕೊಳ್ಳುತ್ತಿದ್ದರಾ? ಕಲೆ ನ್ಯಾಯದ ಬದಲಿಗೆ ಬರಬಾರದು. ನ್ಯಾಯ ಬರುವವರೆಗೆ ಅದು ಯಾರನ್ನೂ ನಿದ್ದೆ ಮಾಡಲು ಬಿಡಬಾರದು.

ರಂಗಮಿತ್ರ:
ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ತಂಡದವರೆಲ್ಲ ಕೂತು ಇದನ್ನು ಜೋರಾಗಿ ಓದಿದೆವು. ದಕ್ಷಿಣ ಆಫ್ರಿಕಾದ ಭಾಗ ಇಟ್ಟುಕೊಳ್ಳುತ್ತೇವೆ, ಸಾಕ್ಷಿಗಳಿಗೆ ಬೊಂಬೆ ಮಾಡುತ್ತೇವೆ. ಎರಡನೇ ಭಾಗ ನಮ್ಮ ಮನೆಗಳ ಬಗ್ಗೆ, ಅದನ್ನು ನಾವೇ ಬರೆಯಬೇಕು. ಬೇಡ್ತಿ ದಂಡೆಯವರೇ, ನಿಮ್ಮ ಕಡೆಯವರು ಯಾರಾದರೂ ಬರೆಯುವಾಗಲೇ ನಮ್ಮ ಜೊತೆ ಕೂರುತ್ತಾರಾ? ಕುಣಿಯಲು ಕರೆಯುತ್ತಿಲ್ಲ. ನಾವು ಬರೆದದ್ದು ಎಲ್ಲಿ ಸರಿಯಿಲ್ಲ ಅಂತ ಹೇಳಲು, ಬೇಕಾದರೆ ನಿಲ್ಲಿಸಲು. ಗೌರವಧನ ನಮ್ಮ ನಿರ್ದೇಶಕರಿಗೆ ಎಷ್ಟೋ ಅಷ್ಟೇ.

ಬೇಡ್ತಿ ದಂಡೆ:
ನಾನು ಮತ್ತು ನಮ್ಮ ಚಿಕ್ಕಮ್ಮ ಇಬ್ಬರೂ ಕೂರುತ್ತೇವೆ. ಮೂರು ಮಾತು ಮೊದಲೇ ಹೇಳುತ್ತೇನೆ. ತಾಲೀಮು ಬರೀ ಸಾಗರದಲ್ಲಿ ಬೇಡ, ಅರ್ಧ ನಮ್ಮೂರಲ್ಲಿ ಆಗಲಿ. ನಿಮ್ಮ ನಟರು ನಮ್ಮ ಮನೆಗಳಲ್ಲೇ ಉಳಿಯಬೇಕು, ಊಟ ನಮ್ಮ ಜೊತೆಯಲ್ಲೇ. ಮೊದಲ ಪ್ರದರ್ಶನ ನಮ್ಮೂರ ಶಾಲೆಯ ಅಂಗಳದಲ್ಲಿ, ತೋಟದ ಮಾಲೀಕರನ್ನೂ ಪಂಚಾಯ್ತಿಯವರನ್ನೂ ನೀವೇ ಮನೆಮನೆಗೆ ಹೋಗಿ ಕರೆಯಬೇಕು. ನಾವು ಕರೆದರೆ ಬರುವುದಿಲ್ಲ, ನೀವು ಕರೆದರೆ ಬರುತ್ತಾರೆ. ಈಗ ಭತ್ತದ ಕೊಯ್ಲು, ಯಾರೂ ಕೈಗೆ ಸಿಗಲ್ಲ. ಅದು ಮುಗಿದ ಮೇಲಿನ ಭಾನುವಾರ ಬನ್ನಿ. ಬರುವಾಗ ಬರೆದದ್ದು ಏನಿದೆಯೋ ತನ್ನಿ, ಅರ್ಧಂಬರ್ಧ ಇದ್ದರೂ ಪರವಾಗಿಲ್ಲ.